ಹಾನಿ ಕಂಡುಬಂದಿಲ್ಲ

"ಇದು ನಿನ್ನ ಸಹಿನೇ ತಾನೆ?" ಟೈಲರಮ್ಮ ಹಾಳೆಯನ್ನು ತಮ್ಮನ ಮೇಜಿನ ಮೇಲಿಟ್ಟಳು.

ಕಂದಾಯ ಕಚೇರಿಯಲ್ಲಿ ಮನೆಗಳಿಗೆ ಬೆಲೆ ಕಟ್ಟುವುದು ತಮ್ಮನ ಕೆಲಸ. ಕಾರ್ಖಾನೆಯ ಟ್ಯಾಂಕು ಒಡೆದು ಎಣ್ಣೆ ಅಕ್ಕನ ಬೀದಿಗೆ ನುಗ್ಗಿದ ಮೇಲೆ, ಪರಿಹಾರಕ್ಕೆಂದು ಹಾನಿ ಬರೆದುಕೊಳ್ಳಲು ಬಂದವನೂ ಅವನೇ. ಅಂದು ಅವಳ ಮನೆಯಲ್ಲಿ ಮೊಣಕಾಲೂರಿ ಗೋಡೆ ಕೆರೆದು ನೋಡಿದ್ದ. ಉಗುರಿನಡಿ ಕಪ್ಪು ಮೆತ್ತಿಕೊಂಡಿತ್ತು. ಬಾವಿಯ ನೀರು ಮೂಸಿ ಮುಖ ಕಿವುಚಿದ್ದ. "ಹೆದರಬೇಡಕ್ಕ, ನಾನಿದೀನಲ್ಲ" ಎಂದು ಹೊರಟಿದ್ದ. ಆ ಮಾತು ನಂಬಿ ಅವಳು ಬೀದಿಯವರಿಗೆಲ್ಲ ಧೈರ್ಯ ಹೇಳಿದ್ದಳು. ವಕೀಲರನ್ನು ಹಿಡಿಯಲು ಹೊರಟವರನ್ನೂ ತಡೆದಿದ್ದಳು.

ಹಾಳೆಯಲ್ಲಿ ಹೀಗಿತ್ತು: 'ವಾಸಕ್ಕೆ ಯೋಗ್ಯ. ಹಾನಿ ಕಂಡುಬಂದಿಲ್ಲ. ಪೂರ್ತಿ ಕಂದಾಯ ಅನ್ವಯ.' ಅವಳ ಮನೆಯನ್ನೇ ಮಾದರಿಯಾಗಿ ಹಿಡಿದು ಬೀದಿಯ ಇಪ್ಪತ್ತಾರು ಅರ್ಜಿಗಳನ್ನೂ ತಳ್ಳಿಹಾಕಿದ್ದರು.

ತಮ್ಮ ಎದ್ದು ಬಾಗಿಲು ಮುಂದೆ ಮಾಡಿದ. "ಮೆತ್ತಗೆ ಮಾತಾಡಕ್ಕ. ನಿನ್ನ ಮನೆ ಆರಿಸಿದ್ದು ಸಾಹೇಬರು. ಅಕ್ಕನ ಮನೇಗೇ ಏನೂ ಆಗಿಲ್ಲ ಅಂತ ತಮ್ಮ ಬರೆದರೆ ಬೇರೆಯವರು ಬಾಯಿ ಬಿಡ್ತಾರಾ ಅಂದರು. ನನಗೂ ಬಡ್ತಿ..." ಉಳಿದದ್ದನ್ನು ನುಂಗಿಕೊಂಡ.

"ನೀನು ಹೂಂ ಅಂದೆ."

"ನೀನು ನಮ್ಮನೇಗೇ ಬಂದುಬಿಡು. ಮಹಡಿ ಕೋಣೆ ಖಾಲಿ ಇದೆ."

"ಉಳಿದ ಇಪ್ಪತ್ತೈದು ಮನೆಯೋರೂ ಅಲ್ಲೇ ಹಿಡಿಸ್ತಾರೇನೋ?"

ಅವನು ತೊಟ್ಟಿದ್ದ ಅಂಗಿ ಅವಳೇ ಹೊಲಿದದ್ದು. ಮೇಲಿನ ಗುಂಡಿ ಸಡಿಲವಾಗಿ ನೇತಾಡುತ್ತಿತ್ತು. ಬೇರೆ ದಿನವಾಗಿದ್ದರೆ ಅಲ್ಲೇ ಸೂಜಿ ತೆಗೆಯುತ್ತಿದ್ದಳು. ಇಂದು ಕೈ ಏಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಬೀದಿಯವರು ಎದ್ದು ನಿಂತರು. "ಏನಂದ್ರಮ್ಮ ನಿಮ್ಮ ತಮ್ಮ?" ಪಕ್ಕದ ಮನೆಯ ಬೇಕರಿಯವನು ಕೇಳಿದ. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು, ಬಡ್ತಿಯ ವಿಷಯವನ್ನೂ. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ. ಬೇಕರಿಯವನು ಅವಳನ್ನು ನೋಡಲಾಗದೆ ಗೋಡೆಯತ್ತ ಮುಖ ತಿರುಗಿಸಿದ.

ಅವಳು ನೇರವಾಗಿ ತಕರಾರು ಸ್ವೀಕರಿಸುವ ಕಿಟಕಿಗೆ ಹೋಗಿ ಒಂದು ಫಾರಂ ಕೇಳಿದಳು. ಸುಳ್ಳು ವರದಿ ಕೊಟ್ಟ ಅಧಿಕಾರಿ ಯಾರು ಎಂಬಲ್ಲಿ ತಮ್ಮನ ಹೆಸರು ಬರೆದಳು. ಗೋಡೆಯ ಕಪ್ಪು, ಬಾವಿಯ ನೀರು, ಅವನು ಅಂದು ಆಡಿದ ಮಾತು, ಎಲ್ಲವನ್ನೂ ಬರೆದಳು. ಕೊನೆಯ ಸಾಲಿನಲ್ಲಿ, ಆ ಅಧಿಕಾರಿಗೂ ನಿಮಗೂ ಏನು ಸಂಬಂಧ ಎಂದು ಕೇಳಿತ್ತು.

'ಅಕ್ಕ' ಎಂದು ಬರೆದಳು.

ಒಳಗಿನಿಂದ ಗುಮಾಸ್ತೆ ಕೈ ಚಾಚಿದಳು. "ಕೊಡಿ."

"ಒಂದು ನಿಮಿಷ," ಎಂದು ಟೈಲರಮ್ಮ, ಶಾಯಿ ಒಣಗುವವರೆಗೂ ಆ ಅಕ್ಷರಗಳ ಮೇಲೆ ಮೆಲ್ಲಗೆ ಊದುತ್ತ ನಿಂತಳು.