ನಮ್ಮ ಮನುಷ್ಯಾ

ಕಠ್ಮಂಡು ಹೆಂಗಿತ್ತು ಅಂತ ಇನ್ನೊಬ್ಬ ನನಗ ಕೇಳಿದರ ನಾ ಅವನ ಜೋಡಿ ಮಾತು ಬಿಡತೇನಿ. ಮುದ್ದೇಬಿಹಾಳ ಕೋರ್ಟಿನ ಕಟ್ಟಿ ಮ್ಯಾಲೆ ಕುಂಡ್ರೂ ವಕೀಲರೆಲ್ಲ ಕೇಳಿ ಆಗೈತಿ. ಚಹಾದಂಗಡಿ ರಾವಸಾಬ ಕೇಳ್ಯಾನ. "ಪರದೇಶಕ್ಕ ಹೋಗಿ ಬಂದ್ರಿ ಸಾಹೇಬ್ರ, ನಮಗೊಂದು ಪೇಢೆ ಸೈತ ತರಲಿಲ್ಲಲ್ರಿ" ಅಂತ ನಗ್ಯಾಡತಾನ. ಹೋಗುಮುಂದ ಮೂರೂ ಮಂದಿ ಒಂದ ಸೀಟಿನ್ಯಾಗ ಒತ್ತಿ ಕುಂತು ಹೋದ್ರಿ, ಬರುಮುಂದ ಯಾಕ ಬ್ಯಾರೆ ಬ್ಯಾರೆ ಬಸ್ಸಿಗೆ ಬಂದ್ರಿ ಅಂತ ಕಂಡಕ್ಟರ್ ದಾವಲಮಲಿಕನೂ ಕೇಳಿದ. ಅದಕ್ಕ ಒಮ್ಮೆ ಎಲ್ಲಾ ಹೇಳಿ ಮುಗಿಸಿಬಿಡತೇನಿ. ನಡುವ ಬಾಯಿ ಹಾಕಬ್ಯಾಡ್ರಿ.

ನಾ ಅಮಸಿದ್ದ, ಸಿಂದಗಿ ತಾಲೂಕಿನ ದೇವಣಗಾಂವದಾಂವ. ನಮ್ಮಪ್ಪ ಸಿದ್ದರಾಯ ಕುರಿ ಕಾಯ್ದಾಂವ. ತನ್ನ ಕುರಿನೂ ಕಾಯ್ದ, ಮಂದಿ ಕುರಿನೂ ಕಾಯ್ದ. ಧಾರವಾಡದ ಹಾಸ್ಟೆಲಿನ್ಯಾಗ ನಾವು ಮೂವರು ಒಂದ ಖೋಲಿಯಾಗಿದ್ವಿ. ನಾನು, ನಾಲತವಾಡದ ಶ್ರೀಶೈಲಪ್ಪ, ಬಾಗೇವಾಡಿ ಕಡೆಯ ಚನ್ನಬಸಯ್ಯ. ಶ್ರೀಶೈಲಪ್ಪ ಈಗ ಮುದ್ದೇಬಿಹಾಳ ಮಾರ್ಕೆಟ್ ಯಾರ್ಡಿನ್ಯಾಗ ಅಡತಿ ಅಂಗಡಿ ಇಟ್ಟಾನ. ಚನ್ನಬಸಯ್ಯ ಕಾಲೇಜಿನ್ಯಾಗ ಇತಿಹಾಸ ಹೇಳತಾನ. ನಾ ವಕೀಲಿ ಮಾಡತೇನಿ. ದಿನಾ ಸಂಜಿಮುಂದ ಶ್ರೀಶೈಲಪ್ಪನ ಅಂಗಡಿ ಗಾದಿ ಮ್ಯಾಲೆ ಕುಂತು ಎರಡು ತಾಸು ಹರಟಿ ಹೊಡದ ಹೊರತು ನನಗ ಊಟ ಸೇರತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು, ಯಾಕಂದ್ರ ಎಲ್ಲಾ ಅದರ ಮ್ಯಾಲೇ ನಿಂತೈತಿ. ಬಿ.ಎ. ಮೊದಲನೇ ವರ್ಷ ಶ್ರೀಶೈಲಪ್ಪ ನನ್ನ ನಾಲತವಾಡಕ್ಕ ತನ್ನ ಮನಿಗೆ ಕರಕೊಂಡು ಹೋದ. ದೊಡ್ಡ ಒಕ್ಕಲತನದ ಮನಿ. ಅವನ ಅವ್ವ ಗುರವ್ವ ಬಾಗಲದಾಗ ನಿಂತು, ನನ್ನ ಹೆಗಲ ಮ್ಯಾಲಿನ ಕಂಬಳಿ ನೋಡಿ, "ಯಾರೋ ತಮ್ಮಾ ಇಂವ" ಅಂದ್ಲು. ಶ್ರೀಶೈಲಪ್ಪ ಅಂದ, "ನಮ್ಮ ಮನುಷ್ಯಾ ಬೇ." ಆತು, ಅಷ್ಟ. ಆ ತಾಯಿ ನನ್ನ ಒಳಗ ಕರದು, ಮಗನ ಮಗ್ಗಲಕ್ಕ ಕುಂಡ್ರಿಸಿ, ಬಿಸಿ ರೊಟ್ಟಿ ಮ್ಯಾಲೆ ಬೆಣ್ಣಿ ಹಾಕಿ ಕೊಟ್ಲು. ನಮ್ಮ ಮನುಷ್ಯಾ ಅಂದ್ರ ನಮ್ಮ ಕಡೆ ಏನು ಅಂತ ನಿಮಗ ನಾ ಹೇಳಬೇಕಾಗಿಲ್ಲ. ರಕ್ತಕ್ಕಿಂತ ಹತ್ತಿರದಾಂವ, ಕೇಳದ ಒಳಗ ಬರೂ ಹಕ್ಕಿದ್ದಾಂವ.

ಎಪ್ಪತ್ತೆಂಟರ ದೀಪಾವಳಿ ಸೂಟಿಯಾಗ ಶ್ರೀಶೈಲಪ್ಪ ಒಂದು ಟೂರು ತಗದ. "ಪರದೇಶಕ್ಕ ಹೋಗೂಣು ಅಂತ ಹಾಸ್ಟೆಲಿನ್ಯಾಗ ಮಾತಾಡಿದ್ವಲ್ಲ, ನೇಪಾಳ ಐತಿ. ಪಾಸಪೋರ್ಟ್ ಬ್ಯಾಡ, ಏನೂ ಬ್ಯಾಡ. ಶುಕ್ರವಾರ ಶನಿವಾರ ಆರಾಮ ತಿರಗ್ಯಾಡಿ ಬರೂಣು." ಎರಡು ದಿನ ಊರು ನೋಡಾಕ, ಹೋಗಿ ಬರೂ ದಾರಿನ ಎಂಟು ದಿನ, ಖರೇ. ಅದರಾಗ ನಮ್ಮ ಖುಷಿ ಇತ್ತು. ಸೊಲ್ಲಾಪುರದಾಗ ರೈಲು ಹತ್ತಿದ್ವಿ. ನನ್ನ ಹೇಣ್ತಿ ಶೇವಂತೆವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿ ಕೊಟ್ಟಿದ್ಲು. ಅದನ್ನ ತಿಂದು, ಇಸ್ಪೀಟ ಆಡಿ, ಧಾರವಾಡದ ಮಾಸ್ತರ ಒಬ್ಬೊಬ್ಬರದ ನಡಿಗಿ ಮಾಡಿ ತೋರಿಸಿ ನಕ್ಕು ನಕ್ಕು ಹೊಟ್ಟಿ ಹಿಡಕೊಂಡ್ವಿ. ರಕ್ಸೌಲದಾಗ ಇಳದು, ಗಡಿ ದಾಟಿ, ಗುಡ್ಡದ ದಾರಿಯಾಗ ಹಗಲೆಲ್ಲ ಬಸ್ಸಿನ್ಯಾಗ ಕುಂತು, ಗುರುವಾರ ಹೊತ್ತು ಮುಳುಗೂ ಮೊದಲ ಕಠ್ಮಂಡು ಸೇರಿದ್ವಿ.

ಶ್ರೀಶೈಲಪ್ಪಗ ಬಸ್ಸಿನ್ಯಾಗ ಟೊಂಕ ಹಿಡಕೊಂಡಿತ್ತು. ಅವನ ಟ್ರಂಕ್ ನಾ ಎತ್ತಿ ತಲಿ ಮ್ಯಾಲೆ ಇಟಗೊಂಡ್ನಿ. ಗೆಳ್ಯಾನ ಟ್ರಂಕ್ ಹೊರಾಕ ನನಗೇನು ನಾಚಿಕಿ? ಥಂಡಿ ಭಾಳ ಇತ್ತು, ಧೋತರದ ಮ್ಯಾಲೆ ಕಂಬಳಿ ಹೊಚ್ಚಿದ್ನಿ. ಅವರಿಬ್ಬರೂ ಹೊಸಾ ಸಫಾರಿ ಹೊಲಿಸಿಕೊಂಡು ಬಂದಿದ್ರು. ಲಾಡ್ಜಿನ ಗುಮಾಸ್ತ ಅವರಿಬ್ಬರ ಹೆಸರು ಬರಕೊಂಡು, ಪೆನ್ನಿನ ತುದೀಲೆ ನನ್ನ ಕಡೆ ತೋರಿಸಿ, "ಯೇ ಕೌನ್?" ಅಂದ.

ಶ್ರೀಶೈಲಪ್ಪ ತನ್ನ ಬಿಜಾಪುರದ ಹಿಂದಿಯಾಗ ಹೇಳಿದ, "ಅಪನಾ ಆದ್ಮೀ ಹೈ."

ನನಗ ಹಿಗ್ಗಾತು ಅಂದ್ರ ನಂಬತೀರಿ? ಇಪ್ಪತ್ತು ವರ್ಷದ ಹಿಂದ ತನ್ನ ಅವ್ವನ ಮುಂದ ಹೇಳಿದ ಮಾತನ್ನ ಪರದೇಶದಾಗೂ ಹೇಳಿದ ಅಂತ ಕಣ್ಣು ತುಂಬಿ ಬಂದ್ವು. ಗುಮಾಸ್ತ ಏನೋ ಬರಕೊಂಡ. ಅವರಿಗೆ ಮ್ಯಾಲಿನ ಖೋಲಿ ಚಾವಿ ಕೊಟ್ಟ, ನನ್ನ ಪಾವಟಿಗಿ ಕೆಳಗಿನ ಸಣ್ಣ ಖೋಲಿಗೆ ಕಳಿಸಿದ. ಮ್ಯಾಲೆ ಎರಡ ಕಾಟು ಇರಬೇಕು, ಲಾಡ್ಜು ತುಂಬಿರಬೇಕು ಅಂತ ನಾ ತಿಳಕೊಂಡ್ನಿ. ಆ ಖೋಲಿಯಾಗ ಒಬ್ಬ ಮುದುಕ ಇದ್ದ. ಇಂದೂರದ ಯಾವನೋ ಶೇಟಜಿ ಜೋಡಿ ಬಂದಾಂವ. ಚಾಪಿ ಸರಿಸಿ ಜಾಗಾ ಕೊಟ್ಟು, "ನಿಮ್ಮವರು ಹೊಡೀತಾರೇನು?" ಅಂತ ಹಿಂದಿಯಾಗ ಕೇಳಿದ. ಇಸ್ಪೀಟಿನ ಮಾತು ಕೇಳತಾನ ಅಂತ ತಿಳದು ನಾ, "ದಿನಾ ನಾನ ಅವರಿಗೆ ಹೊಡೀತೇನಿ" ಅಂದ್ನಿ. ಮುದುಕ ಗಾಬರಿಯಾಗಿ ನನ್ನ ನೋಡಿ, ತನ್ನ ಚಾಪಿ ಇನ್ನಷ್ಟು ದೂರ ಎಳಕೊಂಡು ಮಲಗಿದ.

ಶುಕ್ರವಾರ ಹಗಲೆಲ್ಲ ತಿರಗಾಡಿದ್ವಿ. ಪಶುಪತಿನಾಥನ ಗುಡಿಯಾಗ ಚನ್ನಬಸಯ್ಯ ಕಣ್ಣು ಮುಚ್ಚಿ ನಿಂತಾಂವ ಅರ್ಧಾ ತಾಸು ತಗೀಲಿಲ್ಲ. ಹಳೇ ಅರಮನಿ ಓಣಿಯಾಗ ಕಟಗಿ ಕೆತ್ತನಿ ನೋಡಿದ್ವಿ. ಅಂಗಡ್ಯಾಗ ವಿಲಾಯತಿ ಗಡಿಯಾರ, ಛತ್ರಿ, ನಾಯಲಾನ್ ಸೀರಿ. ಶ್ರೀಶೈಲಪ್ಪ ದಾರಿ ತುಂಬ ನನ್ನ ಹೆಗಲ ಮ್ಯಾಲೆ ಕೈ ಹಾಕೇ ನಡದ. ಇನ್ನೊಮ್ಮೆ ಹೇಳತೇನಿ, ಲಕ್ಷ್ಯ ಕೊಟ್ಟು ಕೇಳ್ರಿ, ಹಗಲೆಲ್ಲ ನನ್ನ ಹೆಗಲ ಮ್ಯಾಲೆ ಕೈ ಹಾಕಿದ್ದ. ಅಂಥಾ ಸುಖದ ದಿನ ನಾ ಭಾಳ ವರ್ಷ ಕಂಡಿರಲಿಲ್ಲ.

ಶನಿವಾರ ಅಲ್ಲಿ ಸೂಟಿ ದಿನ. ಮುಂಜಾನೆ ಗುಮಾಸ್ತ ನನ್ನ ಕರದು, ಬಿಸಿನೀರಿನ ಬಕೀಟ ತೋರಿಸಿ, "ನಿಮ್ಮ ಸಾಹೇಬರಿಗೆ ಒಯ್ದು ಕೊಡು" ಅಂದ. ಯಾವ ಸಾಹೇಬರು ಅಂದ್ನಿ. ಅಂವ ರಜಿಸ್ಟರ್ ತಗದು ಬೆರಳು ಇಟ್ಟು ತೋರಿಸಿದ. ನನಗ ಹಿಂದಿ ಓದಾಕ ಬರತೈತಿ. ಶ್ರೀಶೈಲಪ್ಪನ ಹೆಸರು, ಬಿ.ಎ. ಚನ್ನಬಸಯ್ಯನ ಹೆಸರು, ಎಂ.ಎ. ಅದರ ಕೆಳಗ, ಜೊತೆಗೆ ನೌಕರ, ಒಂದು.

ಹೆಸರೂ ಇಲ್ಲ. ಬರೇ ಒಂದು ಅಂತ. ಛತ್ರಿ ಒಂದು, ಟ್ರಂಕ್ ಒಂದು ಅಂತ ಬರದಂಗ.

ಆಳಾಗೂದು ಸಣ್ಣ ಮಾತು ಅಂತ ನಾ ಅನ್ನಂಗಿಲ್ಲ. ನಮ್ಮಪ್ಪ ಮಂದಿ ಮನ್ಯಾಗ ಆಳಾಗಿ ದುಡದು ನನ್ನ ಸಾಲಿ ಕಲಿಸ್ಯಾನ. ಆದರ ಅವನಿಗೂ ಹೆಸರಿತ್ತು, ಸಿದ್ದರಾಯ ಅಂತ ಕರೀತಿದ್ರು. ಇರಲಿ. ಆವಾಗ ನನಗ ಸಿಟ್ಟು ಬರಲಿಲ್ಲ, ನಗು ಬಂತು. ತಿಳೀತು ನೋಡ್ರಿ, ಏನಾಗೈತಿ ಅಂತ. ನಮ್ಮ ಕನ್ನಡದ ಮನುಷ್ಯಾನ್ನ ಶ್ರೀಶೈಲಪ್ಪ ಹಂಗ ಎತ್ತಿ ಹಿಂದಿಯಾಗ ಇಟ್ಟಾನ, ಆ ಕಡೆ ದೊಡ್ಡವರು ಅಪನಾ ಆದ್ಮೀ ಅಂದ್ರ ಆಳು. ಇದನ್ನ ಹೇಳಿ ಅವರನ್ನ ನಗಸಬೇಕು ಅಂತ ನಾನ ಬಕೀಟ ಎತ್ತಿಕೊಂಡು ಮ್ಯಾಲೆ ಹೋದ್ನಿ.

"ಸಾಹೇಬ್ರ, ನೀರು ತಂದೇನ್ರಿ" ಅಂದ್ನಿ, ನಾಟಕದವರಂಗ ಬಗ್ಗಿ. ಹೇಳಿದ್ನಿ ಎಲ್ಲಾ. ಚನ್ನಬಸಯ್ಯ ನಕ್ಕ, ಆದರ ನಗು ಅರ್ಧಕ್ಕ ನಿಂತು ಶ್ರೀಶೈಲಪ್ಪನ ಮಾರಿ ನೋಡಿದ. ಶ್ರೀಶೈಲಪ್ಪ ಟಾವೆಲ್ ಹುಡುಕಾಕ ಹತ್ತಿದ.

"ನಿಮಗ ಗೊತ್ತಿತ್ತೇನು?" ಅಂದ್ನಿ.

"ಗುರುವಾರ ಸಂಜಿಗೆ ಗುಮಾಸ್ತ ಮ್ಯಾಲೆ ಬಂದಿದ್ದ," ಅಂದ ಚನ್ನಬಸಯ್ಯ. "ನಿಮ್ಮ ಆಳಿಗೆ ಊಟ ಅಡಗಿಮನ್ಯಾಗ ಕೊಡೂದೇನು ಅಂತ ಕೇಳಿದ. ಆವಾಗ ತಿಳೀತು."

"ನೀವು ಏನಂದ್ರಿ?"

"ಅಲ್ಲೋ ಅಮಸಿದ್ದ," ಅಂದ ಶ್ರೀಶೈಲಪ್ಪ, "ಮಗ್ಗಲ ಖೋಲಿಯ ಶೇಟಜಿ ಅಲ್ಲೇ ಕುಂತಿದ್ದ. ಇಂದೂರದ ದೊಡ್ಡ ಹತ್ತಿ ವ್ಯಾಪಾರಿ. ಮಾತು ನಡದಿತ್ತು. ಅವನ ಮುಂದ, ಅಂವ ಆಳಲ್ಲ, ನಮ್ಮ ಜೋಡಿ ಕಲಿತ ವಕೀಲ ಅಂತ ಹೇಳಿದ್ರ, ಹಂಗಾದ್ರ ಕೆಳಗ ಯಾಕ ಮಲಗಿಸೀರಿ ಅಂತ ಕೇಳತಿದ್ದ. ಎರಡು ದಿನದ ಮಾತು, ಯಾಕ ಗದ್ದಲ ಅಂತ ಬಿಟ್ವಿ. ನೀ ಏನು ಪರಕೀನು? ನೀ ನಮ್ಮ ಮನುಷ್ಯಾ, ನಿನಗೇನೂ ಅನಸಂಗಿಲ್ಲ ಅಂತ ತಿಳದ್ವಿ."

ನನ್ನ ಮೈ ಉರದು ಹೋತು. ಗುಮಾಸ್ತ ತಪ್ಪು ತಿಳಕೊಂಡ, ಅದಕ್ಕ ನಾ ಏನೂ ಅನ್ನಂಗಿಲ್ಲ, ಅಂವ ನನ್ನ ಯಾವ ಕಾಲಕ್ಕೂ ಕಂಡಾಂವಲ್ಲ. ಇವರು ಸರಿಯಾಗಿ ತಿಳಕೊಂಡೂ ಸುಮ್ಮನಿದ್ರು. ಒಂದು ರಾತ್ರಿ ಅಲ್ಲ, ಎರಡು ರಾತ್ರಿ ನನ್ನ ಪಾವಟಿಗಿ ಕೆಳಗ ಮಲಗಿಸಿ, ಹಗಲು ಹೆಗಲ ಮ್ಯಾಲೆ ಕೈ ಹಾಕಿಕೊಂಡು ತಿರಗಿದ್ರು. ಯಾವ ಮಾತಿಗೆ ನಾ ಇಷ್ಟು ವರ್ಷ ಜೀವಾ ಕೊಟ್ಟಿದ್ನೋ ಅದೇ ಮಾತನ್ನ ನನ್ನ ಬಾಯಿ ಮುಚ್ಚಾಕ ತಂದ್ರು. ಅಡಕಿಗೆ ಹೋದ ಮಾನ ಆನಿ ಕೊಟ್ಟರೂ ಬರಂಗಿಲ್ಲ ಅಂತಾರ. ಇಲ್ಲಿ ಅಡಕಿನೂ ಇರಲಿಲ್ಲ, ಒಬ್ಬ ಗುರುತು ಪರಿಚಯ ಇಲ್ಲದ ಶೇಟಜಿ ಮುಂದ ಎರಡು ಮಾತು ಆಡೂ ಸಂಕೋಚಕ್ಕ ನನ್ನ ಮಾನ ಹೋತು.

"ಶ್ರೀಶೈಲಾ," ಅಂದ್ನಿ, "ಜಗಳ ಮಾಡಂಗಿಲ್ಲ ನಾ. ಒಂದ ಕೆಲಸ ಮಾಡು. ಕೆಳಗ ಬಾ. ಆ ರಜಿಸ್ಟರಿನ್ಯಾಗ ಆ ಸಾಲು ಹೊಡದು ಹಾಕಿಸು. ಇಂವ ನನ್ನ ಗೆಳ್ಯಾ ಅಂತ ನಿನ್ನ ಬಾಯಿಲೆ ಹೇಳು. ಮತ್ತ ನಾವು ಹೆಂಗಿದ್ವೋ ಹಂಗ."

"ನಾಳೆ ಮುಂಜಾನೆ ಹೊಂಟೇವಲ್ಲೋ ಮಾರಾಯಾ."

"ಈಗ ಬಾ."

ಬಂದ. ಬರಲಿಲ್ಲ ಅನ್ನಂಗಿಲ್ಲ. ಪಾವಟಿಗಿ ಇಳಿಯೂ ಮುಂದ ನನ್ನ ಸಿಟ್ಟು ಅರ್ಧಾ ಇಳದಿತ್ತು, ದೇವರಾಣಿ ಮಾಡಿ ಹೇಳತೇನಿ. ಹೇಳತಾನ ಇಂವ, ಹೇಳೇ ಹೇಳತಾನ, ಆಮ್ಯಾಲೆ ಇಂವನ್ನ ಹೊರಗ ಕರಕೊಂಡು ಹೋಗಿ ಚಹಾ ಕುಡಸೂಣು ಅಂತ ಮನಸಿನ್ಯಾಗ ಅನಕೊಂಡ್ನಿ. ಕೆಳಗ ಶೇಟಜಿ ಖುರ್ಚಿ ಮ್ಯಾಲೆ ಕುಂತು ಪೇಪರ್ ಓದಾಕತ್ತಿದ್ದ. ಅವನ ಮುದುಕ ಆಳು ಬೂಟು ಒರಸಾಕತ್ತಿದ್ದ. ಶ್ರೀಶೈಲಪ್ಪ ಗುಮಾಸ್ತನ ಟೇಬಲಿನ ಮುಂದ ನಿಂತ. ಬಾಯಿ ತಗದ.

ಅಷ್ಟರಾಗ ಶೇಟಜಿ ಪೇಪರ್ ಇಳಿಸಿ, ನನ್ನ ಕಡೆ ನೋಡಿ, ಅವನಿಗೆ ಅಂದ, "ನಿಮ್ಮ ಆದ್ಮೀ ಭಾಳ ಚಲೋ ಅದಾನ ನೋಡ್ರಿ. ಮುಂಜಾನೆ ಎದ್ದು ನೀರು ಒಯ್ದ. ನನ್ನಾಂವ ಬರೇ ಸೋಮಾರಿ." ಹಿಂದಿಯಾಗ ಅಂದ, ನಾ ನಮ್ಮ ಮಾತಿನ್ಯಾಗ ಹೇಳಾಕತ್ತೇನಿ.

ಶ್ರೀಶೈಲಪ್ಪ ನನ್ನ ನೋಡಿದ. ಶೇಟಜೀನ ನೋಡಿದ. ಆಮ್ಯಾಲೆ ಹಲ್ಲು ತಗದು, "ಹಾಂ ಜೀ" ಅಂದ.

ಎರಡ ಶಬ್ದ. ಕೋರ್ಟಿನ್ಯಾಗ ಎಷ್ಟೋ ಸುಳ್ಳು ಸಾಕ್ಷಿ ನೋಡೇನಿ, ಅವರಿಗೂ ಹೇಳೂ ಮುಂದ ಗಂಟಲಾದರೂ ಒಣಗತೈತಿ. ಇವನಿಗೆ ಅದೂ ಆಗಲಿಲ್ಲ. ಮಂದಿಗೆ ನ್ಯಾಯ ಕೊಡಸಾಕ ಹದಿನೈದು ವರ್ಷ ಬಾಯಿ ಬಡಕೊಂಡಾಂವ ನಾ, ನನ್ನ ಸಲುವಾಗಿ ನಾನ ಮಾತಾಡೂ ಹೊತ್ತು ಬಂತು ಅಂತ ಆವಾಗ ಗೊತ್ತಾತು. ಶೇಟಜಿ ಮುಂದ ಹೋಗಿ ನಿಂತ್ನಿ. ಸಿಟ್ಟಿನ್ಯಾಗ ದನಿ ಏರಲಿಲ್ಲ, ಜಜ್ಜರ ಮುಂದ ಮಾತಾಡಿದಂಗ ಒಂದೊಂದ ಶಬ್ದ ಬಿಡಿಸಿ ಹೇಳಿದ್ನಿ.

"ಶೇಟಜೀ, ಮೈ ಇನಕಾ ಆದ್ಮೀ ನಹೀ ಹೂಂ."

ಶೇಟಜಿಗೆ ತಿಳದದ್ದು ಹಿಂದಿ. ಅಂದ್ರ ನಾ ಇವರ ಆಳಲ್ಲ ಅಂತ. ಅಂವ ಎದ್ದು ನಿಂತು, ಕೈ ಮುಗದು, ಮಾಫ್ ಮಾಡ್ರಿ ಅಂದ. ಗುಮಾಸ್ತ ಗಡಬಡಿಸಿ ಪೆನ್ನು ತಗೊಂಡು ಆ ಸಾಲಿನ ಮ್ಯಾಲೆ ಗೆರಿ ಎಳದ, ನನ್ನ ಹೆಸರು ಕೇಳಿದ. ಅಮಸಿದ್ದ ಸಿದ್ದರಾಯ ಅಂತ ಅಪ್ಪನ ಹೆಸರೂ ಕೂಡಿಸಿ ಪೂರಾ ಹೇಳಿ ಬರಿಸಿದ್ನಿ.

ಆದರ ಶ್ರೀಶೈಲಪ್ಪಗ ಹಿಂದಿ ಬರತೈತಿ ಅಂದ್ರೂ, ಅಂವ ಕೇಳೂದು ಕನ್ನಡದಾಗ. ನಾ ಅವನ ಮಾರಿ ನೋಡಾಕತ್ತಿದ್ನಿ. ಇವರ ಮನುಷ್ಯಾ ನಾ ಅಲ್ಲ ಅನ್ನೂದು ಅವನ ಕಿವಿಗೆ ಹೋಗಿ ಮುಟ್ಟಿದ್ದು ಕಣ್ಣಾರೆ ಕಂಡ್ನಿ. ಮಾರಿ ಬಿಳುಚಿ ಹೋತು. ಹತ್ತಿರ ಬಂದು ನನ್ನ ಕಂಬಳಿ ಸೆರಗು ಹಿಡದ.

"ಅಮಸಿದ್ದಾ," ಅಂದ, "ಆಳಲ್ಲ ಅಂತ ಹೇಳೋ. ನೌಕರ್ ನಹೀ ಅಂತ ಹೇಳು. ಹಂಗ ಅನಬ್ಯಾಡ."

ಎರಡೂ ಭಾಷಾ ನನಗ ಬರತಿದ್ವು. ತಿದ್ದಿ ಹೇಳಬಹುದಿತ್ತು. ಅಂವ ಕಂಬಳಿ ಬಿಡೂತನಕ ಕಾಯ್ದು, ಬಸ್ಸಿನ ನಿಲ್ದಾಣ ಯಾವ ಕಡೆ ಐತಿ ಅಂತ ಗುಮಾಸ್ತಗ ಕೇಳಿದ್ನಿ.