ತೈನಾನಿನ ಕ್ಯೂಬುಗಳು

ಧನುಶ್ರೀ ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ಓದುತ್ತಿದ್ದಳು. ಮನೆ ಚನ್ನರಾಯಪಟ್ಟಣದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪ ಭೀಮ ಸರ್ಕಾರಿ ಬಸ್ಸಿನ ಡ್ರೈವರ್, ಅವ್ವ ಸಣ್ಣಕ್ಕ ಅಂಗನವಾಡಿ ಟೀಚರ್. ಮೂರನೇ ವರ್ಷದಲ್ಲಿ ಅವಳು ಹೊಳೆನರಸೀಪುರದ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು, ಸುಟ್ಟು, ಆ ಬೂದಿಯನ್ನು ಸಿಮೆಂಟಿಗೆ ಬೆರೆಸಿ ಸಣ್ಣದೊಂದು ಪ್ರಾಜೆಕ್ಟ್ ಮಾಡಿದ್ದಳು. ಅದನ್ನು ನೋಡಿದ್ದ ಸ್ಮಿತಾ ಮೇಡಂ ಒಂದು ದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿದರು.

"ತೈವಾನಿನಲ್ಲಿ ತೈನಾನ್ ಅಂತ ಊರಿದೆ. ಅಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಇದೇ ಕೆಲಸ ನಡೀತಿದೆ. ಬೇರೆ ದೇಶದ ಬಿ.ಇ. ಹುಡುಗ ಹುಡುಗಿಯರನ್ನ ಕರೆಸಿಕೊಂಡು ನಾಲ್ಕು ತಿಂಗಳು ಸಂಶೋಧನೆ ಕಲಿಸ್ತಾರೆ. ಖರ್ಚೆಲ್ಲ ಅವರದೇ. ಅರ್ಜಿ ಹಾಕು."

"ನಂಗೆ ಸಿಗುತ್ತಾ ಮೇಡಂ?"

"ಹಾಕದೆ ಇದ್ರೆ ಖಂಡಿತ ಸಿಗಲ್ಲ."

ಸಿಕ್ಕಿತು. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್ ಎಂದು ಕಾಲೇಜೂ ಒಪ್ಪಿತು. ಫೆಬ್ರವರಿಯಲ್ಲಿ ಅಪ್ಪ ಅವ್ವ ಇಬ್ಬರೂ ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲವರೆಗೂ ಬಂದರು. ಅಪ್ಪ ಪೆಟ್ಟಿಗೆಯನ್ನು ಟ್ರಾಲಿಗೆ ಏರಿಸಿದ. ಅವ್ವ "ಗೊತ್ತಾಗ್ದಿದ್ರೆ ಗೊತ್ತಾಗ್ನಿಲ್ಲ ಅಂತ ಕೇಳ್ಬುಡು ಮಗ. ನಾಚ್ಕಬ್ಯಾಡ" ಎಂದು ಕೈ ಹಿಡಿದುಕೊಂಡಳು.

ತೈನಾನಿನ ಲ್ಯಾಬು ಪ್ರೊಫೆಸರ್ ಚೆನ್ ಅವರದು. ಅಲ್ಲಿ ಅವಳಿಗೆ ಕಲಿಸುವ ಹೊಣೆ ಲಿನ್ ಎಂಬ ಹುಡುಗಿಯದು. ವಿಯೆಟ್ನಾಮಿನವಳು, ಪಿಎಚ್.ಡಿ.ಯ ಕೊನೆಯ ವರ್ಷ. ಇಬ್ಬರ ಇಂಗ್ಲಿಷೂ ಬೇರೆ ಬೇರೆ ರೀತಿಯದು. ಮೊದಲ ವಾರ ಕೈಸನ್ನೆಯಲ್ಲೇ ಅರ್ಧ ಕೆಲಸ ಸಾಗಿತು. ಬೂದಿ ಬೆರೆಸಿದ ಕಾಂಕ್ರೀಟನ್ನು ಅಚ್ಚಿಗೆ ತುಂಬುವುದು, ಗಾಳಿಗುಳ್ಳೆ ಹೋಗುವಂತೆ ಕುಲುಕುವುದು, ಮಾರನೇ ದಿನ ಅಚ್ಚಿನಿಂದ ಚೌಕಾಕಾರದ ಕ್ಯೂಬು ಬಿಡಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ತಿಂಗಳಾಗುತ್ತಲೇ ತೆಗೆದು ಯಂತ್ರದಲ್ಲಿ ಒತ್ತಿ ಎಷ್ಟು ಭಾರಕ್ಕೆ ಒಡೆಯುತ್ತದೆಂದು ನೋಡುವುದು, ಎಲ್ಲವನ್ನೂ ಲಿನ್ ತಾಳ್ಮೆಯಿಂದ ತೋರಿಸಿದಳು. ಹಾಸ್ಟೆಲಿನ ಊಟ ಧನುಶ್ರೀಗೆ ಹಿಡಿಸದಿದ್ದಾಗ ಸಂಜೆ ತನ್ನ ಕೋಣೆಗೆ ಕರೆದು ಅನ್ನ, ಸೊಪ್ಪಿನ ಸಾರು ಬಡಿಸುತ್ತಿದ್ದಳು. ಭಾನುವಾರ ಊರು ತೋರಿಸಲು ಕರೆದೊಯ್ದಳು. ಒಂದು ಗುಡಿಯೊಳಗೆ ಬುದ್ಧನನ್ನು ಕಂಡ ಧನುಶ್ರೀ ಅಲ್ಲಿಂದಲೇ ಮನೆಗೆ ವಿಡಿಯೊ ಕಾಲ್ ಮಾಡಿದಳು. ಅವ್ವ ಸೆರಗು ಸರಿಮಾಡಿಕೊಂಡು ಫೋನಿಗೇ ಕೈಮುಗಿದಳು.

ಲಿನ್‌ಳ ಸಂಶೋಧನೆಯ ಸಾರ ಇಷ್ಟು: ಸಿಮೆಂಟು ಒಂದಿಷ್ಟು ಕಡಿಮೆ ಮಾಡಿ, ಬದಲಿಗೆ ಬೂದಿ ಬೆರೆಸಿದ ಕಾಂಕ್ರೀಟು ಮಾಮೂಲಿ ಕಾಂಕ್ರೀಟಿಗಿಂತ ಗಟ್ಟಿ. ಹೋದ ವರ್ಷದ ಪರೀಕ್ಷೆಯಲ್ಲಿ ಅದು ಚೆನ್ನಾಗಿಯೇ ಕಂಡಿತ್ತು. ಅದರ ಲೇಖನ ಒಂದು ಸಂಶೋಧನಾ ಪತ್ರಿಕೆಗೆ ಹೋಗಿತ್ತು, ಇನ್ನೂ ಅಚ್ಚಾಗಿರಲಿಲ್ಲ. ಧನುಶ್ರೀ ಅದೇ ಮಿಶ್ರಣವನ್ನು ಇನ್ನೊಮ್ಮೆ ಮಾಡಿ, ಅದೇ ಫಲಿತಾಂಶ ಬರುವುದನ್ನು ತೋರಿಸಿದರೆ ಸಾಕಾಗಿತ್ತು.

ಬರಲಿಲ್ಲ. ಮೊದಲ ಸರದಿಯ ಕ್ಯೂಬುಗಳು ಮಾಮೂಲಿಯವುಗಳಷ್ಟೇ ಭಾರಕ್ಕೆ ಒಡೆದವು.

"ನೀರು ಜಾಸ್ತಿ ಹಾಕಿರ್ತೀಯ," ಎಂದಳು ಲಿನ್, ನಗುತ್ತಲೇ. "ನಾನೂ ಮೊದಲು ಹಾಗೇ ಮಾಡಿದ್ದೆ."

ಧನುಶ್ರೀ ನಂಬಿದಳು. ತಪ್ಪು ತನ್ನದೇ ಇರಬೇಕು, ಇಷ್ಟು ದೊಡ್ಡ ಲ್ಯಾಬಿನದ್ದು ಹೇಗೆ ತಪ್ಪಾದೀತು ಎಂದುಕೊಂಡು ನೀರನ್ನು ಎರಡೆರಡು ಸಲ ತೂಗಿ ಮತ್ತೆ ಅಚ್ಚು ತುಂಬಿದಳು. ಈ ಸಲ ಒಂದಿಷ್ಟು ಕ್ಯೂಬನ್ನು ವಾರಕ್ಕೇ ತೆಗೆದು ನೋಡಿದಳು. ಹೆಚ್ಚಿನ ಬಲವೇನೂ ಕಾಣಲಿಲ್ಲ. ಹಾಸನದ ಕಾಲೇಜಿನ ಹೆಸರು ಕೆಡಿಸುತ್ತಿದ್ದೇನೆ ಎಂಬ ಸಂಕಟ ಹತ್ತಿತು. ಸ್ಮಿತಾ ಮೇಡಂ ಮೆಸೇಜು ಮಾಡಿ ಕೆಲಸ ಹೇಗಿದೆ ಎಂದು ಕೇಳಿದರೆ, ಚೆನ್ನಾಗಿದೆ ಎಂದಷ್ಟೇ ಉತ್ತರಿಸಿದಳು.

ವಿಷಯ ಬಿಚ್ಚಿಕೊಂಡದ್ದು ಊಟದ ಹೊತ್ತಿನಲ್ಲಿ. ಲಿನ್ ತನ್ನ ಊರಿನ ಹೊಸ ವರ್ಷದ ಹಬ್ಬದ ಸಂಗತಿ ಹೇಳುತ್ತಿದ್ದಳು.

"ಹೋದ ವರ್ಷ ಮನೆಗೆ ಹೋಗೋ ಆತುರ. ಮಾಮೂಲಿ ಕ್ಯೂಬು ಒಡೆದು ಮುಗಿಸಿದ್ದೆ. ಬೂದಿಯವನ್ನ ನೀರಿಂದ ತೆಗೆದೆ, ಅಷ್ಟರಲ್ಲಿ ಯಂತ್ರದ ಕೋಣೆಗೆ ಬೀಗ ಹಾಕಿಬಿಟ್ಟರು. ಹಬ್ಬ ಮುಗಿಸಿಕೊಂಡು ಬಂದು ಒಡೆದೆ."

"ಅಲ್ಲಿವರೆಗೂ ಕ್ಯೂಬು ಎಲ್ಲಿದ್ದವು?"

"ಮೇಜಿನ ಮೇಲೆ."

ಧನುಶ್ರೀಗೆ ಕೂಡಲೇ ಹೊಳೆಯಿತು. ಒಣಗಿದ ಕಾಂಕ್ರೀಟು, ನೆನೆದ ಕಾಂಕ್ರೀಟಿಗಿಂತ ಹೆಚ್ಚು ಭಾರ ತಡೆಯುತ್ತದೆ. ಅದು ಅವಳು ಓದಿದ್ದ ಸಂಗತಿ. ಒಂದು ಬಗೆಯದನ್ನು ನೆನೆದಿದ್ದಾಗ, ಇನ್ನೊಂದನ್ನು ಒಣಗಿದಾಗ ಒಡೆದು ಹೋಲಿಸಿದರೆ ಎರಡನೆಯದು ಗಟ್ಟಿಯೆಂದೇ ಕಾಣುತ್ತದೆ. ಬಲ ಬೂದಿಯಿಂದ ಬಂದದ್ದಲ್ಲ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಹೇಗೋ ಮುಗಿಸಿ, ತೊಳೆದಿಟ್ಟು ಹೊರಟಳು.

ಕೆಲವು ದಿನ ಸುಮ್ಮನಿದ್ದಳು. ಹೇಳಿದರೆ ಲಿನ್‌ಳ ಇಷ್ಟು ವರ್ಷದ ದುಡಿಮೆಗೆ ಪೆಟ್ಟು. ಹೇಳದಿದ್ದರೆ ತನ್ನ ವರದಿಯಲ್ಲಿ ಏನು ಬರೆಯುವುದು? ಅವ್ವನಿಗೆ ಫೋನು ಮಾಡಿ, ಸಿಮೆಂಟು ಬೂದಿಯ ಗೋಜಿಗೆ ಹೋಗದೆ, ಲಿನ್ ಅಕ್ಕನಿಂದ ಒಂದು ತಪ್ಪಾಗಿದೆ, ಅವಳಿಗೇ ಗೊತ್ತಿಲ್ಲ ಎಂದಳು.

"ಬೇಕೂಂತ ಮಾಡವ್ಳಾ?"

"ಇಲ್ಲವ್ವ."

"ಮೇಷ್ಟ್ರುಗೆ ಏಳಿದ್ದೀಯಾ?"

"ಇಲ್ಲ."

"ಅಂಗಾದ್ರೆ ಮದ್ಲು ಅವ್ಳಿಗೇ ಏಳು. ಬೆನ್ನಿಂದೆ ಓಗಿ ಏಳ್ಬ್ಯಾಡ. ಉಣ್ಣಾಕಿಕ್ಕಿದೋಳು ಕಣವ್ವ. ಸಿಟ್ಟು ಮಾಡ್ಕಂಡ್ರೆ ಮಾಡ್ಕತಳೆ."

ಮಾರನೇ ದಿನ ಬೆಳಿಗ್ಗೆ, ಲ್ಯಾಬಿಗೆ ಬೇರೆ ಯಾರೂ ಬರುವ ಮೊದಲು, ಧನುಶ್ರೀ ತೊಟ್ಟಿಯ ಪಕ್ಕ ನಿಂತು ಹೇಳಿದಳು. ಹೇಳುವಾಗ ಇಂಗ್ಲಿಷು ತಡವರಿಸಿತು. ಲಿನ್ ಮೊದಲು ತಲೆಯಾಡಿಸಿದಳು, ಆಮೇಲೆ ತಲೆಯಾಡಿಸುವುದು ನಿಂತಿತು. ಕೈಗವಸು ಬಿಚ್ಚಿಟ್ಟು ಹೊರಗೆ ಹೋದಳು. ಆ ದಿನ ತಿರುಗಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಧನುಶ್ರೀ ಒಬ್ಬಳೇ ಅಚ್ಚುಗಳನ್ನು ಉಜ್ಜಿ ಎಣ್ಣೆ ಸವರುತ್ತಾ ಕೂತಳು. ಸಂಜೆ ಲಿನ್‌ಳ ಬಾಗಿಲವರೆಗೂ ಹೋಗಿ, ತಟ್ಟದೆ ವಾಪಸು ಬಂದಳು.

ಅದರಾಚೆಯ ಬೆಳಿಗ್ಗೆ ಲಿನ್ ಲ್ಯಾಬಿನಲ್ಲಿದ್ದಳು. ಕಣ್ಣು ಊದಿಕೊಂಡಿತ್ತು.

"ಹೋದ ವರ್ಷದ ಪರೀಕ್ಷೆಯ ಲೆಕ್ಕವನ್ನೆಲ್ಲ ಮತ್ತೆ ನೋಡಿದೆ. ನೀನು ಹೇಳಿದ್ದು ಸರಿ," ಎಂದಳು. "ಬಾ, ಪ್ರೊಫೆಸರ್ ಹತ್ತಿರ ಹೋಗೋಣ. ನಾನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತಿರು, ಸಾಕು."

ಪ್ರೊಫೆಸರ್ ಚೆನ್ ವಯಸ್ಸಾದವರು, ಮೆಲುದನಿಯವರು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೂ ಕೇಳಬೇಕಿತ್ತು. ಕೇಳಲಿಲ್ಲ," ಎಂದರು. "ಅಚ್ಚಾಗುವ ಮೊದಲೇ ತಿಳಿಯಿತಲ್ಲ. ಲೇಖನ ವಾಪಸು ತರಿಸೋಣ. ಇಬ್ಬರೂ ಸೇರಿ ಮತ್ತೆ ಮಾಡಿ. ನೆನೆದದ್ದನ್ನು ನೆನೆದದ್ದರ ಜೊತೆ, ಒಣಗಿದ್ದನ್ನು ಒಣಗಿದ್ದರ ಜೊತೆ ಹೋಲಿಸಿ."

ಉಳಿದ ತಿಂಗಳುಗಳು ಹಾಗೆ ಕಳೆದವು. ಮೊದಮೊದಲು ಇಬ್ಬರ ನಡುವೆ ಕೆಲಸದ ಮಾತಷ್ಟೇ. ಒಂದು ಸಂಜೆ ಲಿನ್ ಏನೂ ಆಗಿಲ್ಲವೆಂಬಂತೆ, "ಇವತ್ತು ಸಾರು ಮಾಡಿದ್ದೀನಿ" ಎಂದಾಗ ಧನುಶ್ರೀಗೆ ಎದೆ ಹಗುರಾಯಿತು.

ಕೊನೆಯ ಫಲಿತಾಂಶ ಬಂತು. ಬೂದಿ ಬೆರೆಸಿದ್ದು ಹೆಚ್ಚು ಗಟ್ಟಿಯೂ ಅಲ್ಲ, ಕಡಿಮೆ ಗಟ್ಟಿಯೂ ಅಲ್ಲ. ಎರಡೂ ಒಂದೇ. ಲಿನ್‌ಳ ಪದವಿ ಅರ್ಧ ವರ್ಷ ಮುಂದಕ್ಕೆ ಹೋಯಿತು. ಹೊಸ ಲೇಖನದಲ್ಲಿ ತನ್ನ ಹೆಸರಿನ ಪಕ್ಕ ಧನುಶ್ರೀಯ ಹೆಸರನ್ನೂ ಅವಳೇ ಸೇರಿಸಿದಳು.

ಜೂನಿನಲ್ಲಿ ಊರಿಗೆ ಬಂದ ಮೇಲೆ ಕಾಲೇಜಿನಲ್ಲಿ ಒಂದು ಸಭೆ ಏರ್ಪಾಡಾಯಿತು. ಧನುಶ್ರೀ ನಡೆದದ್ದನ್ನೆಲ್ಲ ಹೇಳಿದಳು, ಲಿನ್‌ಳ ಹೆಸರು ಮಾತ್ರ ಎತ್ತಲಿಲ್ಲ. ಎರಡನೇ ವರ್ಷದ ಯಶಸ್ವಿನಿ ಎಂಬ ಹುಡುಗಿ ಎದ್ದು ನಿಂತಳು.

"ಅಕ್ಕ, ಅಷ್ಟು ದೂರ ಹೋಗಿ ಹೊಸದೇನೂ ಕಂಡುಹಿಡೀಲಿಲ್ಲ ಅಂದಂಗಾಯ್ತಲ್ವಾ?"

ಸಭೆಯಲ್ಲಿ ನಗು ಎದ್ದಿತು. ಧನುಶ್ರೀಯೂ ನಕ್ಕಳು.

"ಸಿಮೆಂಟು ಕಡಿಮೆ ಹಾಕಿ, ಸುಮ್ಮನೆ ಸುಟ್ಟುಹೋಗೋ ಹೊಟ್ಟಿನ ಬೂದಿ ಹಾಕಿದ್ರೂ ಬಲ ಅಷ್ಟೇ ಇರುತ್ತೆ. ಅದು ಗೊತ್ತಾಯ್ತಲ್ಲ," ಎಂದಳು. "ಮತ್ತೆ, ನಮ್ಮ ಕೈಲಿ ಬಂದಿದ್ದು ಬೇರೆಯವರದ್ದಕ್ಕೆ ತಾಳೆಯಾಗದಿದ್ರೆ ತಪ್ಪು ಯಾವಾಗ್ಲೂ ನಮ್ಮದೇ ಅಂತ ಅಂದ್ಕೋಬೇಡಿ. ನಾನು ಒಂದೂವರೆ ತಿಂಗಳು ಹಾಗೇ ಅಂದ್ಕೊಂಡಿದ್ದೆ."

ಸ್ಮಿತಾ ಮೇಡಂ ಮುಂದಿನ ಸಾಲಿನಿಂದ ಮೊದಲು ಚಪ್ಪಾಳೆ ತಟ್ಟಿದರು.

ಆ ವರ್ಷದ ಕೊನೆಯಲ್ಲಿ ಲಿನ್ ಕರಿ ಗೌನು ತೊಟ್ಟು ವಿಡಿಯೊ ಕಾಲ್ ಮಾಡಿದಳು, ಪದವಿ ಸಿಕ್ಕಿತ್ತು. ಅಂಗನವಾಡಿಯಿಂದ ಆಗತಾನೆ ಬಂದಿದ್ದ ಸಣ್ಣಕ್ಕ ಮಗಳ ಕೈಯಿಂದ ಫೋನು ತೆಗೆದುಕೊಂಡಳು.

"ಡಾಕ್ಟ್ರಾದ್ಯಾ ಮಗ? ಬಾರವ್ವ ನಮ್ಮೂರ್ಗೆ, ಮುದ್ದೆ ಮಾಡ್ ಇಕ್ತೀನಿ."

"ಏನಂದರು?" ಲಿನ್ ಕೇಳಿದಳು.

ಧನುಶ್ರೀ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಮುದ್ದೆ ಅಂದರೆ ಏನೆಂದು ವಿವರಿಸುವಷ್ಟರಲ್ಲಿ ಮೂವರೂ ನಗುತ್ತಿದ್ದರು.