ಎರಡು ಎಳೆಯಷ್ಟು ಓರೆ

ಪ್ರಭುಲಿಂಗನ ಕಣ್ಣಿಗೆ ಗೋಡೆ ಕಟ್ಟುವ ಗವಂಡಿಯ ತೂಗುಗುಂಡೂ ಅಂಜುತ್ತದೆ ಎಂದು ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಒಂದು ಮಾತಿತ್ತು. ಮೂವತ್ತೈದು ವರ್ಷ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡಿದ ಜಾಬರ್ ಅವನು. ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ, ಪುರಾಣ ಕೇಳುವವನ ಹಾಗೆ ಮಗ್ಗದ ಸದ್ದು ಕೇಳುತ್ತಿದ್ದ. ಓದುವವರ ಬಾಯಲ್ಲಿ ಪದ್ಯದ ಒಂದಕ್ಷರ ಜಾರಿದರೆ ಕಿವಿಗೆ ಹೇಗೆ ತಿಳಿಯುತ್ತದೋ ಹಾಗೆ ಅವನಿಗೆ ಎಲ್ಲಿ ಏಟು ತಪ್ಪಿತೆಂದು ತಿಳಿಯುತ್ತಿತ್ತು. ಆಮೇಲೆ ಕಣ್ಣು ತೆರೆದು, ಓರೆಯಾದದ್ದನ್ನು ನೆಟ್ಟಗೆ ಮಾಡಿ, ಕೈ ಒರೆಸಿಕೊಂಡು ಹೊರಡುತ್ತಿದ್ದ.

ಅಂಥವನ ಕೈಗೆ ಈ ಚಳಿಗಾಲದಲ್ಲಿ ಒಂದು ವಿಮಾನ ಬಂತು.

ವಿಮಾನ ರಘೂತ್ತಮ ಸರ್ ಅವರದು. ಜಮಖಂಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಹನ್ನೆರಡು ವರ್ಷದ ಹಿಂದೆ ಶ್ರಾವಣದಲ್ಲಿ ಬನಹಟ್ಟಿಯ ಮಠದಲ್ಲಿ ಪುರಾಣ ಕೇಳಲು ಬಂದು ಪ್ರಭುಲಿಂಗ ಒರಗಿದ್ದ ಕಂಬಕ್ಕೇ ಒರಗಿದ್ದರು. ಅಂದಿನಿಂದ ಆ ಕಂಬ ಇಬ್ಬರದೂ ಆಗಿತ್ತು. ಬಾಲ್ಸಾ ಎಂಬ ಹಗುರ ಕಟ್ಟಿಗೆಯ ತುಂಡುಗಳನ್ನು ಡಬ್ಬಿಯಲ್ಲಿ ತರಿಸಿ, ಜೋಡಿಸಿ, ಮೋಟರು ಕೂಡಿಸಿ, ರಿಮೋಟಿನಿಂದ ಹಾರಿಸುವುದು ಸರ್ ಅವರ ಹುಚ್ಚು. ಹೋದ ವರ್ಷ ಲಕ್ವಾ ಬಲಮೈಯನ್ನು ಸವರಿಕೊಂಡು ಹೋಯಿತು. ಮಾತು ಬಂತು, ನಡಿಗೆ ಬಂತು, ಬಲಗೈಯ ಹೆಬ್ಬೆರಳು ಮಾತ್ರ ಪೂರಾ ಬರಲಿಲ್ಲ. ವಿಮಾನ ಏರಿಸುವ, ಹೊರಳಿಸುವ ಕಡ್ಡಿ ಆ ಹೆಬ್ಬೆರಳಿನ ಕೆಳಗೇ ಇರುತ್ತದೆ.

"ಒಂದ ಡಬ್ಬಿ ಉಳದದ ಪ್ರಭಣ್ಣ," ಎಂದರು ಸರ್. "ನೀವು ಕಟ್ರಿ, ನಾ ಹಾರಿಸ್ತೀನಿ. ಈ ಬೆರಳು ಮಾತು ಕೇಳಿದ್ರ ಮುಂದ ನೋಡೋಣ. ಕೇಳಲಿಲ್ಲಾಂದ್ರ ಎಲ್ಲಾ ಸಾಲಿ ಹುಡುಗರಿಗೆ ಕೊಟ್ಟು ಸುಮ್ಮನ ಕೂಡ್ತೀನಿ."

ಭಾನುವಾರಗಳು ಜಮಖಂಡಿಯಲ್ಲಿ ಕಳೆದವು. ಕಟ್ಟಿಗೆಯ ಹಾಳೆಯನ್ನು ಮೊದಲ ಸಲ ಎತ್ತಿದಾಗ ಪ್ರಭುಲಿಂಗನ ಕೈ ತಾನೇ ಮೇಲೆದ್ದುಹೋಯಿತು. ಭಾರ ಇದ್ದೀತೆಂದು ಹಾಕಿದ ಬಲವೆಲ್ಲ ಬರಿದಾಯಿತು. ಕಬ್ಬಿಣ ಹಿಡಿದು ಕಂದಿದ ಬೆರಳುಗಳು ಆ ಬಿಳಿ ಪಕ್ಕೆಲುಬುಗಳನ್ನು ಹಿಡಿಯಲು ಅಂಜಿದವು, ಆಮೇಲೆ ಕಲಿತವು. ಸರ್ ಆರಾಮಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಅವನು ಅಂಟಿಸುತ್ತಿದ್ದ. ಕಿಟಕಿಯ ಬಿಸಿಲಿನಲ್ಲಿ ಕಟ್ಟಿಗೆಯ ಧೂಳು ತೇಲುತ್ತ, ಇಳಿಯಲು ಮನಸ್ಸಿಲ್ಲದೆ ನಿಂತಿರುತ್ತಿತ್ತು. ರೆಕ್ಕೆಗೆ ಹೊದಿಸುವ ತೆಳುಹಾಳೆ ಕಾಯಿಸಿ ಬಿಗಿಸಬೇಕಾದಾಗ ಸರ್ ಅವರ ಹೆಂಡತಿ ಇಂದಿರಾಬಾಯಿಯವರ ಇಸ್ತ್ರಿಪೆಟ್ಟಿಗೆ ಮಾಯವಾಯಿತು. ಅವರು ಮರಾಠಿಯಲ್ಲಿ ಗಂಡನನ್ನು ಬೈದು, ಕನ್ನಡದಲ್ಲಿ ಪ್ರಭುಲಿಂಗನಿಗೆ ಚಹಾ ಕೊಟ್ಟರು.

ಒಂದು ಮಧ್ಯಾಹ್ನ ಸರ್ ಊಟ ಮಾಡಿ ಮಲಗಿದ್ದರು. ಪ್ರಭುಲಿಂಗ ಮೂತಿಯ ಹಲಗೆಯನ್ನು, ಎಂದರೆ ಮೋಟರು ಕೂಡುವ ಜಾಗವನ್ನು, ಒಡಲಿಗೆ ಸೇರಿಸಿ ನೋಡಿದ. ಅದು ಬಲಕ್ಕೆ ಓರೆಯಾಗಿ ಕೂತಿತು. ಬಹಳ ಅಲ್ಲ, ಎರಡು ಎಳೆ ನೂಲಿನಷ್ಟು. ಬೇರೆಯವರ ಕಣ್ಣಿಗೆ ಬೀಳುವಂಥದ್ದಲ್ಲ. ಕಟ್ಟಿಗೆ ಕೊಯ್ದವರು ತಪ್ಪಿದ್ದಾರೆ ಅಂದುಕೊಂಡ. ಸರ್ ಎದ್ದರೆ ಮನಸ್ಸು ಸಣ್ಣದು ಮಾಡಿಕೊಂಡಾರು, ಉಳಿದಿರುವುದು ಇದೊಂದೇ. ಕಿಸೆಯಲ್ಲಿದ್ದ, ಕಬ್ಬಿಣ ಉಜ್ಜುವ ಸಣ್ಣ ಕಾನಸ ತೆಗೆದು ನಾಲ್ಕು ಸಲ ಉಜ್ಜಿದ. ಹಲಗೆ ನೆಟ್ಟಗೆ ಕೂತಿತು. ಯಾರಿಗೂ ಹೇಳಲಿಲ್ಲ. ಓರೆ ತಿದ್ದಿದ್ದನ್ನು ಅವನು ಎಂದೂ ಯಾರಿಗೂ ಹೇಳಿಕೊಂಡವನಲ್ಲ.

ಹಾರಿಸಲು ಸಮೀರವಾಡಿಯ ಹತ್ತಿರ ದಶರಥನ ಹೊಲಕ್ಕೆ ಹೋದರು. ದಶರಥ ಪ್ರಭುಲಿಂಗನ ಅಣ್ಣನ ಮಗ. ಅರ್ಧ ಹೊಲ ಕಬ್ಬು ಕಡಿದಾಗಿತ್ತು, ನೆಲದ ಮೇಲೆ ಒಣಗಿದ ಎಲೆಯ ರವದಿ ಮೆತ್ತಗೆ ಹಾಸಿಕೊಂಡಿತ್ತು. ಉಳಿದರ್ಧದಲ್ಲಿ ಕಬ್ಬಿನ ಬಿಳಿ ಹೂತೆನೆ ಸೂಲಂಗಿ ಇಬ್ಬನಿ ಹೊತ್ತು ನಿಂತಿತ್ತು. ಸಕ್ಕರೆ ಫ್ಯಾಕ್ಟರಿಯ ಬೆಲ್ಲದ ವಾಸನೆ ಗಾಳಿಯಿಲ್ಲದ ಬೆಳಗಿನಲ್ಲಿ ಹೋಗಲು ದಾರಿ ಕಾಣದೆ ತಂಗಿತ್ತು.

ಪ್ರಭುಲಿಂಗ ವಿಮಾನ ಎತ್ತಿ ಹಿಡಿದು ಹತ್ತು ಹೆಜ್ಜೆ ಓಡಿ ಬಿಟ್ಟುಕೊಟ್ಟ. ಅದು ಅವನ ಕೈಯಿಂದ ಹೋಯಿತು ಅನ್ನುವುದಕ್ಕಿಂತ ಅವನ ಕೈಯೇ ಅದರೊಂದಿಗೆ ಹೋಯಿತು. ಏರಿತು. ಬಿಸಿಲು ರೆಕ್ಕೆಯೊಳಗೆ ಹಾದು ಪಕ್ಕೆಲುಬುಗಳೆಲ್ಲ ಕಂಡವು. ಆಮೇಲೆ ಎಡಕ್ಕೆ ವಾಲಿತು. ಸರ್ ಬಲಕ್ಕೆ ಎಳೆದರು. ಹೆಬ್ಬೆರಳು ಹೋಯಿತು, ಆದರೆ ತಡವಾಗಿ ಹೋಯಿತು. ಇನ್ನೂ ಎಡಕ್ಕೆ, ಇನ್ನೂ ಸಣ್ಣ ಸುತ್ತು, ಸೂಲಂಗಿ ಒಮ್ಮೆ ಇಬ್ಬನಿ ಕೊಡವಿತು, ಅಷ್ಟೇ.

"ನಿಮ್ಮ ವಿಮಾನ ಕಬ್ಬ ತಿನ್ನಾಕ ಹೋತಲ್ಲೋ ಕಾಕಾ," ಎಂದ ದಶರಥ. ಯಾರೂ ನಗಲಿಲ್ಲ. ಅವನೇ ಹೋಗಿ ಹುಡುಕಿ ತಂದ. ಮೂತಿ ಕಿತ್ತಿತ್ತು, ರೆಕ್ಕೆಯ ಎರಡು ಪಕ್ಕೆಲುಬು ಮುರಿದಿದ್ದವು.

ಸರ್ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ರಿಮೋಟು ಪ್ರಭುಲಿಂಗನ ಕೈಗೆ ಕೊಟ್ಟು, "ತಿಳೀತಲ್ಲ. ಆತು," ಎಂದರು.

ಮುರಿದದ್ದನ್ನು ಪ್ರಭುಲಿಂಗ ಮನೆಗೆ ತಂದ. ಬರುವ ಭಾನುವಾರ ಎಲ್ಲ ಸಾಮಾನು ಸಾಲಿಗೆ ಹೋಗುತ್ತದೆ, ಅಷ್ಟರೊಳಗೆ ಇದನ್ನಾದರೂ ಆಕಾರಕ್ಕೆ ತಂದು ಕೊಡೋಣ ಅನಿಸಿತು. ಡಬ್ಬಿಯೊಳಗಿನ ನಕ್ಷೆಯನ್ನು ನೆಲಕ್ಕೆ ಹಾಸಿದ. ಅದರ ಇಂಗ್ಲಿಷ್ ಅವನಿಗೆ ಬಾರದು, ಇಷ್ಟು ದಿನ ಓದಿ ಹೇಳಿದ್ದು ಸರ್. ಗೆರೆ ಮಾತ್ರ ಅವನಿಗೆ ಬರುತ್ತಿತ್ತು. ಬಾಲದಿಂದ ಮೂತಿಯವರೆಗೆ ನಟ್ಟನಡುವೆ ಒಂದೆಳೆ ನೂಲು ಬಿಗಿದು ಹಿಡಿದ.

ಮೋಟರಿನ ಗೆರೆ ನೂಲಿನಿಂದ ಬಲಕ್ಕೆ ಸರಿದಿತ್ತು. ಬೇಕೆಂದೇ ಸರಿಸಿ, ಪಕ್ಕಕ್ಕೆ ಅಂಕಿ ಬರೆದು, ಬಾಣದ ಗುರುತು ಹಾಕಿದ್ದರು.

ನೂಲು ಅವನ ಕೈಯಲ್ಲೇ ಉಳಿಯಿತು. ಹೊರಗೆ ಓಣಿಯ ಮಗ್ಗಗಳು ಒಂದೇ ಸಮ ತಮ್ಮ ಪುರಾಣ ಹೇಳಿಕೊಳ್ಳುತ್ತಿದ್ದವು. ಮಗ್ಗದಲ್ಲಿ ಲಾಳಿ ಓಡುವ ಹಲಗೆಗೂ ಒಂದಿಷ್ಟು ಓರೆ ಇರುತ್ತದೆ. ಆ ಓರೆ ಇದ್ದರೇ ಲಾಳಿ ನೂಲು ಬಡಿಯುವ ಹಣಿಗೆಗೆ ಆತು ಓಡುವುದು, ಇಲ್ಲದಿದ್ದರೆ ಹಾರಿ ಹೊರಗೆ ಬೀಳುತ್ತದೆ. ಇದನ್ನು ಅವನೇ ಎಷ್ಟು ಮಂದಿಗೆ ಕಲಿಸಿದ್ದ. ಕಲಿಸಿದ ಕೈಯೇ ಕಾನಸ ಹಿಡಿದಿತ್ತು.

ಮರುದಿನ ಬೆಳಗ್ಗೆ ಮೂತಿಯ ಹಲಗೆಯನ್ನು ಕಿಸೆಯಲ್ಲಿಟ್ಟುಕೊಂಡು ಜಮಖಂಡಿಗೆ ಗಾಡಿ ಬಿಟ್ಟ. ಬಾಗಿಲಲ್ಲೇ ಡಬ್ಬಿಗಳನ್ನು ಕಟ್ಟಿ ಇಟ್ಟಿದ್ದರು. ಸರ್ ಆರಾಮಕುರ್ಚಿಯಲ್ಲಿದ್ದರು. ಕೂಡ್ರಿ ಅಂದರೂ ಕೂಡದೆ ನಿಂತೇ ಹೇಳಿದ.

"ಸರ, ವಿಮಾನ ಬಿದ್ದದ್ದು ನಿಮ್ಮ ಬೆರಳಿಂದಲ್ರಿ. ನನ್ನಿಂದ ಬಿತ್ತು. ಮೂತಿ ಓರೆ ಐತಿ ಅಂತ ನಾ ಉಜ್ಜಿ ನೆಟ್ಟಗ ಮಾಡೀನ್ರಿ. ನಿಮಗ ಹೇಳಲಿಲ್ಲ."

ಸರ್ ನಕ್ಕರು, ಸಂತೋಷದ ನಗೆಯಲ್ಲ. "ಪ್ರಭಣ್ಣ, ಇಡೀ ಬನಹಟ್ಟಿ ನಿಮ್ಮ ಕಣ್ಣಿನ ಮ್ಯಾಲೆ ಆಣಿ ಮಾಡ್ತದ. ನೀವು ತಪ್ಪೋರಲ್ಲ. ನನ್ನ ಮನಸ್ಸು ಹಿಡೀಲಿಕ್ಕೆ ಸುಳ್ಳು ಹೇಳಬ್ಯಾಡ್ರಿ."

ಒಂದು ಜೀವಮಾನದ ಒಳ್ಳೆಯ ಹೆಸರು ಹೀಗೆ ಬಾಯಿಗೆ ಅಡ್ಡ ನಿಲ್ಲುತ್ತದೆಂದು ಅವನು ಎಣಿಸಿರಲಿಲ್ಲ. ಹಲಗೆ ತೆಗೆದು ಕೊಟ್ಟ. ಸರ್ ಅವರ ಚಷ್ಮಾ ಒಳಗಿತ್ತು. ಸರ್ ಹಲಗೆಯನ್ನು ಎಡಗೈಯಲ್ಲಿ ಹಿಡಿದರು, ಹಾಗಾಗಿ ಅಂಚನ್ನು ಬಲಗೈಯ ಹೆಬ್ಬೆರಳಿನಿಂದಲೇ ಸವರಬೇಕಾಯಿತು. ಸವರಿ ನಿಂತರು. ಮತ್ತೊಮ್ಮೆ ಸವರಿದರು, ಮೆಲ್ಲಗೆ, ಜಪಮಣಿ ಎಣಿಸುವವರ ಹಾಗೆ.

"ಕಾನಸದ ಹಲ್ಲಿನ ಗೀರು," ಎಂದರು. ಬೆರಳು ತೆಗೆಯದೆಯೇ, "ಬೆರಳಿಗೆ ಹತ್ತತಾವ ನನಗ. ಒಂದೊಂದೂ ಹತ್ತತಾವ."

ಇಂದಿರಾಬಾಯಿ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಿದ್ದರು.

ಆಮೇಲೆ ಸರ್ ಪಾಠ ಹೇಳಿದರು. ಪಂಖ ಒಂದು ಕಡೆ ತಿರುಗಿದರೆ ಒಡಲು ಇನ್ನೊಂದು ಕಡೆ ವಾಲುತ್ತದೆ, ಆ ವಾಲುವಿಕೆಯನ್ನು ತಡೆಯಲಿಕ್ಕೇ ಮೂತಿಯನ್ನು ಓರೆ ಇಟ್ಟಿರುತ್ತಾರೆ. ಹೇಳಬೇಕಾದ್ದನ್ನು ತಾವು ಹೇಳಲಿಲ್ಲ, ಕೇಳಬೇಕಾದ್ದನ್ನು ಅವನು ಕೇಳಲಿಲ್ಲ, ತಪ್ಪು ಇಬ್ಬರದೂ ಎಂದರು. ಪ್ರಭುಲಿಂಗ ಒಪ್ಪಲಿಲ್ಲ. ಆದರೂ ಚಹಾ ಕುಡಿದ.

ಮನೆಗೆ ಬಂದು ಮುರಿದ ಪಕ್ಕೆಲುಬು ಜೋಡಿಸಿ, ಹಲಗೆಯ ಎಡಬದಿಯ ಹಿಂದೆ ಸಣ್ಣ ಬೆಣೆ ಅಂಟಿಸಿದ. ನೆಟ್ಟಗಿದ್ದದ್ದನ್ನು ತನ್ನ ಕೈಯಾರೆ ಓರೆ ಮಾಡಿದ್ದು ಅವನ ಆಯುಷ್ಯದಲ್ಲಿ ಅದೇ ಮೊದಲು. ನೂಲು ಬಿಗಿದು ಅಳೆದ. ಎರಡು ಎಳೆ.

ಭಾನುವಾರ ಡಬ್ಬಿಗಳು ಸಾಲಿಗೆ ಹೋಗಲಿಲ್ಲ. ಅದೇ ಹೊಲ, ಅದೇ ಬೆಲ್ಲದ ವಾಸನೆ. ಓಡಿ ಬಿಟ್ಟಾಗ ವಿಮಾನ ಸೂಲಂಗಿಯ ಮೇಲೆ ನೂಲು ಎಳೆದಂತೆ ನೇರ ಹೋಯಿತು.

"ಕಣ್ಣ ಮುಚ್ಚಿ ಕೇಳ್ರಿ ಪ್ರಭಣ್ಣ," ಎಂದರು ಸರ್. "ಎಲ್ಲೆರ ಏಟು ತಪ್ಪತದೇನು ಹೇಳ್ರಿ."

ಅವನು ಕಣ್ಣು ಮುಚ್ಚಿದ. ಸದ್ದು ದೂರ ಹೋಯಿತು, ಬಲಕ್ಕೆ ಹೊರಳಿತು, ತಲೆಯ ಮೇಲೆ ಹಾದು ಮತ್ತೆ ದೂರವಾಯಿತು. ದೊಡ್ಡ ಪುರಾಣದ ನಡುವೆ ಓದುವವರು ಉಸಿರು ತೆಗೆದುಕೊಳ್ಳುವ ಹಾಗೆ ಒಮ್ಮೆ ತಗ್ಗಿತು, ಮತ್ತೆ ಹಿಡಿಯಿತು. ಎಲ್ಲೂ ತಪ್ಪಲಿಲ್ಲ. ಕಣ್ಣು ತೆರೆದಾಗ ಅವನು ಆಕಾಶ ನೋಡಲಿಲ್ಲ, ಕಡ್ಡಿಯ ಮೇಲಿನ ಹೆಬ್ಬೆರಳು ನೋಡಿದ. ಅದು ನಿಧಾನವಾಗಿ ಹೋಗುತ್ತಿತ್ತು, ನಿಧಾನವಾಗಿ ಬರುತ್ತಿತ್ತು. ವಿಮಾನ ಅದಕ್ಕೆ ಕಾಯುತ್ತಿತ್ತು.

ಕೊನೆಗೆ ಇಳಿದು, ರವದಿಯ ಮೇಲೆ ಜಾರಿ, ಒಂದು ರೆಕ್ಕೆ ನೆಲಕ್ಕೆ ಹಚ್ಚಿ ವಾಲಿ ನಿಂತಿತು. ನೆಟ್ಟಗೆ ಇಡಲು ಪ್ರಭುಲಿಂಗ ಬಾಗಿದವನು ಕೈ ಹಿಂದೆ ತೆಗೆದುಕೊಂಡ. ಸರ್ ನಡೆದು ಬರುತ್ತಿದ್ದರು, ಬಲಗೈ ಮುಂದೆ ಚಾಚಿ.